ಪಾತ್ರೆ ಅಂಗಡಿಯ ಮಗಳು

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಕೊಟ್ರಬಸಪ್ಪನ ಮನೆತನದಲ್ಲಿ ಅವನ ಮುತ್ತಜ್ಜನ ಕಾಲದಿಂದ ಒಂದು ಹೆಣ್ಣೂ ಹುಟ್ಟಿರಲಿಲ್ಲ. ಇದು ಬರೀ ಬಾಯಿಮಾತಲ್ಲ. ಅವನ ಕೊಟ್ಟಿಗೆಯಲ್ಲಿ ಹಸು ಈದರೆ ಹೋರಿಗರುವೇ. ಹಿತ್ತಲಿನಲ್ಲಿ ನೆಟ್ಟ ಪರಂಗಿ ಗಿಡಗಳೆಲ್ಲ ಗಂಡಾಗಿ, ಮೈತುಂಬ ಹೂ ಬಿಟ್ಟು, ಒಂದು ಕಾಯಿಯೂ ಕಚ್ಚದೆ ನಾಚಿಕೆಯಿಲ್ಲದೆ ನಿಂತಿದ್ದವು. ಯಾರದೋ ಮನೆಯ ಬೆಕ್ಕು ಇವರ ಅಟ್ಟಕ್ಕೆ ಬಂದು ಮರಿ ಹಾಕಿದರೂ ಅಷ್ಟೂ ಗಂಡು. ಗಂಡುಮಗು ಬೇಕೆಂದು ಹರಕೆ ಹೊತ್ತವರು ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಈ ಮನೆಯ ಬಾವಿಯ ನೀರು ಕುಡಿದು ಹೋಗುತ್ತಿದ್ದರು.

ಎದುರು ಸಾಲಿನ ಜವಳಿ ಅಂಗಡಿ ಚಂದ್ರಶೇಖರಪ್ಪನಿಗೆ ಒಂದಾದ ಮೇಲೊಂದು ಹೆಣ್ಣು. ನಾಲ್ಕಾದ ಮೇಲೆ ಅವನೂ ಬೆಳಕು ಹರಿಯುವ ಮೊದಲು ಆ ಬಾವಿಯ ನೀರು ಕದ್ದು ತರಿಸಿ ಹೆಂಡತಿಗೆ ಕುಡಿಸಿದ. ಐದನೆಯದೂ ಹೆಣ್ಣಾಯಿತು. ಕೊಟ್ರಬಸಪ್ಪ ಬೇಕೆಂದೇ ಬಾವಿಗೆ ಏನೋ ಹಾಕಿದ್ದಾನೆ ಎಂಬ ಗುಮಾನಿ ಅವನಿಗೆ ಬಂದದ್ದು ಆಗಲೇ. ಅಂದಿನಿಂದ ಇಬ್ಬರಿಗೂ ಮಾತು ಕಡಿಮೆ, ಕೂಗಾಟ ಹೆಚ್ಚು. ಚಂದ್ರಶೇಖರಪ್ಪ ಕೂಗಿದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರು ಪಾಳಿ ಮುಗಿಯಿತೆಂದು ಎದ್ದು ಹೊರಡುತ್ತಿದ್ದರಂತೆ.

ಮನೆತುಂಬ ಗಂಡುಮಕ್ಕಳಿದ್ದರೆ ಏನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಎರಡು ವರ್ಷಕ್ಕೊಮ್ಮೆ, ಮಾರಿಜಾತ್ರೆಯ ಮೊದಲ ದಿನ ಬರುತ್ತಿತ್ತು. ಆ ದಿನ ಮಾರಮ್ಮ ಗಾಂಧಿ ಬಜಾರಿಗೆ ಬಂದು ಕೂರುತ್ತಾಳೆ. ಅದು ಅವಳ ತವರುಮನೆ. ಕತ್ತಲಾದ ಮೇಲೆ ಕೋಟೆಯ ಕಡೆ, ಗಂಡನ ಮನೆಗೆ, ಹೊರಟುಬಿಡುತ್ತಾಳೆ. ನಡುವಿನ ಆ ಒಂದು ಹಗಲು ಬಜಾರಿನ ಅಂಗಡಿಯವರೆಲ್ಲ ಅವಳಿಗೆ ಅಣ್ಣತಮ್ಮಂದಿರು. ಕೊಟ್ರಬಸಪ್ಪನ ಬೀದಿಯಿಂದ ಮೊದಲ ಮಡಿಲಕ್ಕಿಯ ತಟ್ಟೆ ಹೋಗಬೇಕಾದದ್ದು ಅವನ ಮನೆಯಿಂದ. ಅದು ಆ ಬೀದಿಯ ಅಜ್ಜಂದಿರು ಮಾಡಿಟ್ಟ ಕ್ರಮ. ಅಜ್ಜಂದಿರು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಟ್ಟೆ ಹೊರುವವಳು ಆ ಮನೆಯ ಮಗಳೇ ಆಗಿರಬೇಕು, ಅದೂ ಮದುವೆಯಾಗಿ ಗಂಡನ ಮನೆಯಿಂದ ಬಂದವಳಾಗಿರಬೇಕು ಎಂದು ಬಾಲ ಬೇರೆ ಸೇರಿಸಿದ್ದರು. ಸೊಸೆಯರು ಹೊರುವಂತಿಲ್ಲ. ಸೊಸೆ ಅತ್ತೆಮನೆಯಲ್ಲಿ ನಿಂತವಳು, ತವರಿಗೆ ಬಂದವಳ ಹೊಟ್ಟೆಯೊಳಗಿನದು ತವರಿಗೆ ಬಂದ ಇನ್ನೊಬ್ಬಳಿಗೇ ತಿಳಿಯುವುದು ಎಂಬುದು ಅವರ ವಾದ. ಹೊರುವ ಮಗಳಿಲ್ಲದಿದ್ದರೆ ತಟ್ಟೆ ಎದುರು ಸಾಲಿಗೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಕೊಟ್ರಬಸಪ್ಪನೂ ತನ್ನ ಅಪ್ಪ ಅಜ್ಜಂದಿರ ಹಾಗೆ ಇಷ್ಟು ವರ್ಷ ಮಗಳನ್ನು ಕಡ ತಂದು ಮಾನ ಉಳಿಸಿಕೊಂಡಿದ್ದ. ಅವನ ಹೆಂಡತಿ ಸುಭದ್ರಮ್ಮನ ಅಕ್ಕನ ಮಗಳು ಬಸವರಾಜೇಶ್ವರಿ ಇವರ ಮನೆಯಲ್ಲೇ ಬೆಳೆದವಳು, ಆಯನೂರಿಗೆ ಕೊಟ್ಟಿದ್ದರು. ಜಾತ್ರೆ ಬಂತೆಂದರೆ ಬಸ್ಸು ಹತ್ತಿ ಬಂದು ತಟ್ಟೆ ಹೊತ್ತು ಹೋಗುತ್ತಿದ್ದಳು. ಬೀದಿಯವರು ಒಪ್ಪಿಕೊಂಡಿದ್ದರು.

ಈ ಕಥೆ ನಡೆದ ಜಾತ್ರೆಯ ಬೆಳಗ್ಗೆ ಆಯನೂರಿನ ಬಸ್ಸು ಬಂತು, ಬಸವರಾಜೇಶ್ವರಿ ಬರಲಿಲ್ಲ. ಕಂಡಕ್ಟರ್ ಹೂವಪ್ಪ ಅಂಗಡಿಯ ಮುಂದೆ ನಿಂತು ಬಜಾರಿಗೆಲ್ಲ ಕೇಳುವ ಹಾಗೆ ಸಿಹಿಸುದ್ದಿ ಕೂಗಿದ.

“ನಿಮ್ಮ ಹುಡುಗಿಗೆ ಹೆರಿಗೆ ಆತು ಯಜಮಾನ್ರೇ! ತಿಂಗಳು ತುಂಬೋಕೆ ಮೊದಲೇ! ತಾಯಿ ಮಗು ಚೆನ್ನಾಗಿದಾರೆ. ಹೆಣ್ಣುಮಗು!”

ಕೊಟ್ರಬಸಪ್ಪನಿಗೆ ಒಂದೇ ಸಲಕ್ಕೆ ಸಂತೋಷವೂ ಆಯಿತು, ಎದೆಯೂ ಧಸಕ್ಕೆಂದಿತು. ಕೊನೆಗೂ ಹೆಣ್ಣು ಹುಟ್ಟಿತಲ್ಲ ಎನ್ನುವಷ್ಟರಲ್ಲಿ, ಅದಕ್ಕೆ ಇವತ್ತೇ ಹುಟ್ಟಬೇಕಿತ್ತೇ ಎನ್ನಿಸಿತು. ಎದುರು ನೋಡಿದ. ಚಂದ್ರಶೇಖರಪ್ಪ ಆಗಲೇ ದಾವಣಗೆರೆಗೆ ಕೊಟ್ಟಿದ್ದ ಹಿರಿಮಗಳನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿದ್ದ. ಅವಳ ಪಕ್ಕಕ್ಕೆ ಉಳಿದವರು, ಬಟ್ಟೆಯ ಥಾನು ಜೋಡಿಸಿದ ಹಾಗೆ ಎತ್ತರದಿಂದ ಗಿಡ್ಡಕ್ಕೆ.

“ಸುದ್ದಿ ಕೇಳ್ತು ಕೊಟ್ರಬಸಪ್ನೋರೇ! ಬಾಳಾ ಸಂತೋಷ!” ಎಂದು ಕೂಗಿದ ಚಂದ್ರಶೇಖರಪ್ಪ. “ತಟ್ಟೆ ನೀವೇ ಕಳಿಸ್ಕೊಡ್ತೀರೋ, ನಾವೇ ಬಂದು ತಗೊಂಡು ಹೋಗಣೋ?”

“ಡೊಳ್ಳು ಬೀದಿ ಬಾಯಿಗೆ ಬರೋವರ್ಗೂ ತಟ್ಟೆ ನಮ್ದೇ ಕಣಯ್ಯ,” ಎಂದ ಕೊಟ್ರಬಸಪ್ಪ. ದನಿ ಗಟ್ಟಿಯಾಗಿತ್ತು.

ತಟ್ಟೆಯನ್ನು ಕರೆದೊಯ್ಯಲು ಬರುವ ಡೊಳ್ಳು ಬಸ್ ಸ್ಟ್ಯಾಂಡಿನ ಕಡೆಯಿಂದ ಕೇಳಿಸುತ್ತಿತ್ತು. ಜಾತ್ರೆಯ ಜನ ಬೀದಿಯನ್ನು ಸೌತೆಬೀಜದ ಹಾಗೆ ತುಂಬಿದ್ದರು. ಬಳೆ, ಬತ್ತಾಸು, ಪೀಪಿ, ಬಾಣಲೆಯಲ್ಲಿ ಮೆಣಸಿನಕಾಯಿ ಬೋಂಡ. ಅಂಥ ಗುಂಪಿನ ಮೇಲೆ ಒಂದು ತಲೆ ಮಾತ್ರ ತೇಲಿಕೊಂಡು ಬರುತ್ತಿತ್ತು. ಜೋಳದ ತೆನೆಯ ಬಣ್ಣದ ಕೂದಲು. ಆ ತಲೆ ಸೀದಾ ಪಾತ್ರೆ ಅಂಗಡಿಯ ಕಡೆ ತಿರುಗಿತು. ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಅವಳ ಹಣೆಗೆ ಬಾಸಿಂಗದ ಹಾಗೆ ತಾಗಿತು.

ಅವಳ ಹೆಸರು ಹೆಲ್ಗಾ. ಗಂಡ ಕಾರ್ಲ್ ಜರ್ಮನಿಯ ಎಂಜಿನಿಯರು. ಭದ್ರಾವತಿಯ ಕಾರ್ಖಾನೆಗೆ ಹೊಸ ಕುಲುಮೆ ಹಾಕಿಸಲು ಬಂದವನು. ಅವನಿಗೆ ಶಿವಮೊಗ್ಗದ ಆಫೀಸೊಂದರಲ್ಲಿ ಕೆಲಸವಿತ್ತು. ಡೊಳ್ಳಿನ ಸದ್ದು ಕೇಳಿ ಹೆಲ್ಗಾ ಜೀಪಿನಿಂದ ಇಳಿದುಬಿಟ್ಟಿದ್ದಳು. ಅವಳನ್ನು ನೋಡಿಕೊಳ್ಳಬೇಕಿದ್ದ ಡ್ರೈವರ್ ಭೈರಪ್ಪ ಮಂಡಕ್ಕಿ ಅಂಗಡಿಯ ಮುಂದೆ ಸಿಕ್ಕಿಕೊಂಡಿದ್ದ. ಅವನು ಈ ಕಥೆಯಲ್ಲಿ ಮತ್ತೆ ಬರುವುದಿಲ್ಲ. ಬಹುಶಃ ಇನ್ನೂ ಅಲ್ಲೇ ಇದ್ದಾನೆ.

“ಕೊಡ ಬೇಕು,” ಎಂದಳು ಹೆಲ್ಗಾ. “ತಾಮ್ರ. ಚಿಕ್ಕದು. ಒಳ್ಳೇದು.”

ಕನ್ನಡ ಕೇಳಿ ಕೊಟ್ರಬಸಪ್ಪನ ಹೆಗಲ ಮೇಲಿನ ವಲ್ಲಿ ಜಾರಿತು. ಆದರೆ ಕಷ್ಟ ಎಷ್ಟೇ ಇರಲಿ, ವ್ಯಾಪಾರಕ್ಕೆ ಒಂದು ಧರ್ಮವಿದೆ: ಹೊಸ ಗಿರಾಕಿಗೆ ಮೊದಲು ಹಳೆ ಮಾಲು ತೋರಿಸಬೇಕು. ಅವನ ಅಪ್ಪನ ಕಾಲದಲ್ಲಿ ಗಾಡಿಯಿಂದ ಬಿದ್ದು ಸೊಂಟಕ್ಕೆ ನೆಗ್ಗು ಬಿದ್ದಿದ್ದ ಒಂದು ಕೊಡ ಅಂಗಡಿಯಲ್ಲಿತ್ತು. ನೆಗ್ಗನ್ನು ಗೋಡೆಯ ಕಡೆ ತಿರುಗಿಸಿಟ್ಟು ಅಪ್ಪ ಸತ್ತ, ನೆಗ್ಗನ್ನು ಗೋಡೆಯ ಕಡೆ ತಿರುಗಿಸಿಟ್ಟುಕೊಂಡೇ ಮಗ ಅಂಗಡಿ ನಡೆಸಿದ. ಅದನ್ನೇ ಇಳಿಸಿ, ನೆಗ್ಗನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, “ಮಾಲು ಅಂದ್ರೆ ಇದು ನೋಡಿ ಅಮ್ಮಾ,” ಎಂದ.

ಹೆಲ್ಗಾ ಕೊಡವನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಕುಟ್ಟಿದಳು. ಕೊಡ ಕುಂಬಳಕಾಯಿಯ ಹಾಗೆ ದೊಬ್ಬೆಂದಿತು. ಅವನ ಅಂಗೈಯನ್ನು ಮೆಲ್ಲಗೆ ಸರಿಸಿ ನೆಗ್ಗನ್ನೂ ಅದರ ಪಕ್ಕದ ಸೀಳನ್ನೂ ನೋಡಿದಳು.

“ವೇಂಡಾ,” ಎಂದಳು.

ಅವಳ ಬಂಗಲೆಯ ಅಡಿಗೆಯವನು ಸೇಲಂ ಕಡೆಯವನು, ಹಾಲಿನವಳು ಭದ್ರಾವತಿಯವಳು. ಹಾಗಾಗಿ ಅವಳಿಗೆ ಬೇಕಾದದ್ದು ಕನ್ನಡದಲ್ಲಿ ಬೇಕಾಗುತ್ತಿತ್ತು, ಬೇಡವಾದದ್ದು ತಮಿಳಿನಲ್ಲಿ ಬೇಡವಾಗುತ್ತಿತ್ತು.

ಒಳಬಾಗಿಲಲ್ಲಿ ನಿಂತು ಮಡಿಲಕ್ಕಿಯ ತಟ್ಟೆಗೆ ಅಕ್ಕಿ, ಬೆಲ್ಲ, ಕೊಬ್ಬರಿ ಜೋಡಿಸುತ್ತಿದ್ದ ಸುಭದ್ರಮ್ಮ ಇದನ್ನು ನೋಡಿ ಹೊರಗೆ ಬಂದಳು. ಕೊಡ ಕುಟ್ಟಿ ನೋಡುವ ಹೆಂಗಸು ಯಾವ ಬಣ್ಣದವಳಾದರೂ ಅವಳಿಗೆ ಮರ್ಯಾದೆ.

“ಇದನ್ನ ಎಲ್ಲಿ ಕಲಿತ್ಯಮ್ಮಾ?”

“ನಮ್ಮಮ್ಮ,” ಎಂದಳು ಹೆಲ್ಗಾ. “ನಮ್ಮೂರಲ್ಲಿ ವರ್ಷಕ್ಕೆ ಒಂದು ಸಲ ಹಿಂಗೇ. ಬೀದಿ ತುಂಬಾ ಮಡಕೆ, ಬೀದಿ ತುಂಬಾ ಜನ. ಎಣ್ಣೆ ವಾಸನೆ. ಮಕ್ಕಳು ಪೀಪಿ ಊದ್ತಾರೆ. ನಮ್ಮಮ್ಮ ಎಲ್ಲಾ ಮಡಕೆ ಕುಟ್ತಾಳೆ, ಒಂದೂ ಬಿಡಲ್ಲ. ನಮ್ಮಪ್ಪನಿಗೆ ನಾಚಿಕೆ. ದೂರ ಹೋಗಿ ನಿಂತ್ಕೋತಾನೆ.” ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಇಲ್ಲಿ ಡೊಳ್ಳು ಕೇಳ್ತು. ಜೀಪಲ್ಲಿ ಕೂತ್ಕೊಳ್ಳೋಕೆ ಆಗಲಿಲ್ಲ.”

“ಅಮ್ಮನ್ನ ನೋಡಿ ಎಷ್ಟು ದಿವಸ ಆತು?”

“ಮೂರು ವರ್ಷ. ಕಾರ್ಲ್ ಹೇಳ್ತಾನೆ, ಮುಂದಿನ ವರ್ಷ ಹೋಗೋಣ. ದಿನಾ ಹೇಳ್ತಾನೆ.”

ಸುಭದ್ರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಮೂರು ವರ್ಷ! ಮಾರಮ್ಮನಂಥ ಮಾರಮ್ಮ ಎರಡು ವರ್ಷಕ್ಕೆ ತವರಿಗೆ ಬರ್ತಾಳಲ್ಲೇ ಮಾರಾಯ್ತಿ!”

ಆಮೇಲೆ ಅವಳು ಗಂಡನ ಕಡೆ ನೋಡಿದಳು. ಕೊಟ್ರಬಸಪ್ಪನಿಗೆ ಆ ನೋಟದ ಪರಿಚಯವಿತ್ತು. ಹಿಂದೆ ಒಮ್ಮೆ ಹೀಗೆ ನೋಡಿದಾಗ ಮನೆಗೆ ಹೊಲಿಗೆ ಯಂತ್ರ ಬಂದಿತ್ತು. ಇನ್ನೊಮ್ಮೆ ನೋಡಿದಾಗ ಅವನ ನಶ್ಯದ ಡಬ್ಬಿ ಹೋಗಿತ್ತು.

“ಬ್ಯಾಡ ಕಣೇ,” ಎಂದ.

“ನಾನು ಇನ್ನೂ ಏನೂ ಹೇಳೇ ಇಲ್ವಲ್ರೀ.”

“ಹೇಳ್ಬ್ಯಾಡ. ಊರು ನಗ್ತತೆ.”

“ತಟ್ಟೆ ಎದುರು ಅಂಗಡಿಗೆ ಹೋದ್ರೆ ಊರು ಅಳ್ತದಾ? ಇವಳಿಗೆ ಮದುವೆ ಆಗೈತೆ. ಗಂಡನ ಮನೆ ಭದ್ರಾವತೀಲಿ ಐತೆ. ಹತ್ರ ತವರು ಒಂದು ಇಲ್ಲ. ನಮಗೆ ಮಗಳು ಒಂದು ಇಲ್ಲ. ಇನ್ನೇನ್ರೀ ಬೇಕು? ಬಾವಿಯೊಳಗಿಂದ ಎದ್ದು ಬರ್ಬೇಕಿತ್ತಾ?”

ಡೊಳ್ಳು ಈಗ ಬೀದಿಯ ತಿರುವಿನಲ್ಲಿತ್ತು. ಕೊಟ್ರಬಸಪ್ಪ ಎದುರು ಮೆಟ್ಟಿಲನ್ನು ನೋಡಿದ. ದಾವಣಗೆರೆಯ ಮಗಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವನು ತಲೆ ಬಗ್ಗಿಸಿ, “ಕೇಳು ಅವಳನ್ನ,” ಎಂದ.

ಸುಭದ್ರಮ್ಮ ಕೇಳಿದಳು. ಮನೆ ಮಗಳಾಗಿ ತಟ್ಟೆ ಹೊರಬೇಕು, ದೇವಿಗೆ ಮಡಿಲು ತುಂಬಬೇಕು ಎಂದು ಕೈ ಬಾಯಿ ಎರಡರಿಂದಲೂ ತಿಳಿಸಿದಳು. ಹೆಲ್ಗಾಳಿಗೆ ಎಷ್ಟು ತಿಳಿಯಿತೋ. ಆದರೆ ‘ಒಂದೇ ಹಗಲು ತವರಿಗೆ ಬರ್ತಾಳೆ, ರಾತ್ರಿ ಹೊರಟುಹೋಗ್ತಾಳೆ’ ಎಂಬ ಮಾತಿಗೆ ಅವಳ ಕಣ್ಣು ನಿಂತಿತು.

“ಒಂದೇ ದಿನಾ?”

“ಒಂದೇ ದಿನ ಕಣಮ್ಮಾ.”

“ಹೊರ್ತೀನಿ,” ಎಂದಳು.

ಮುಂದಿನದನ್ನು ಹೇಳಿದರೆ ನಂಬದವರಿದ್ದಾರೆ. ಸುಭದ್ರಮ್ಮನ ಪೆಟ್ಟಿಗೆಯ ಇಳಕಲ್ ಸೀರೆ ಉಟ್ಟರೆ ಅವಳಿಗೆ ಮೊಣಕಾಲಿನ ಹತ್ತಿರ ಮುಗಿಯಿತು. ಕೆಳಗೊಂದು ಸೀರೆ, ಮೇಲೊಂದು ಸೀರೆ ಸೇರಿಸಿ, ಸೊಂಟದ ಹತ್ತಿರ ಎರಡನ್ನೂ ಗಂಟು ಹಾಕಿದರು. ಬಳೆಗಾರನ ದೊಡ್ಡ ಅಳತೆಯ ಬಳೆ ಅವಳ ಕೈಗೆ ಏರುವಾಗ ಬಳೆಗಾರನೇ ಬೆವತು ಹೋದ. ಕುಂಕುಮ ಇಡಲು ಸುಭದ್ರಮ್ಮ ಅಕ್ಕಿ ಅಳೆಯುವ ಕೊಳಗ ಮಗುಚಿ ಅದರ ಮೇಲೆ ನಿಂತಳು. ನಿಂತವಳು ಇಳಿಯುವ ಮೊದಲು ಹೆಲ್ಗಾಳ ಸೆರಗಿಗೆ ಅಕ್ಕಿ ಬೆಲ್ಲ ಹಾಕಿ ಮಡಿಲು ತುಂಬಿದಳು. “ಮಡಿಲು ತುಂಬಿದ ಮೇಲೆ ಮಗಳೇ,” ಎಂದಳು, ಯಾರೋ ಅಲ್ಲವೆಂದ ಹಾಗೆ.

ಅಲ್ಲವೆನ್ನುವವನು ಬೀದಿ ದಾಟಿ ಆಗಲೇ ಬಂದಿದ್ದ.

“ಏನಿದು ಕೊಟ್ರಬಸಪ್ಪ?” ಎಂದ ಚಂದ್ರಶೇಖರಪ್ಪ, ಹೆಲ್ಗಾಳನ್ನು ಕಾಲಿನಿಂದ ತಲೆಯವರೆಗೆ ನೋಡಿ. ನೋಡಿ ಮುಗಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಮಗಳು? ಯಾವಾಗ ಹುಟ್ಟಿದ್ಲು? ನಾನು ದಿನಾ ಎದುರಿಗೇ ಕೂತಿರ್ತೀನಿ, ಒಂದು ಸಲವೂ ಅತ್ತಿದ್ದು ಕೇಳ್ಲಿಲ್ಲ!”

“ನಿನ್ನ ಗಂಟಲಿನ ಮುಂದೆ ಯಾವ ಮಗುವಿನ ಅಳು ಕೇಳ್ತದಯ್ಯ?”

“ಮಗಳಲ್ಲ, ನೆಂಟಳು. ಜಾತ್ರೆ ನೋಡೋಕೆ ಬಂದ ನೆಂಟಳು. ಹಾಲಮ್ಮನ್ನ ಕರೀರಿ!”

ಹಾಲಮ್ಮ ಹೂ ಮಾರುವವಳು. ಆ ಬೀದಿಯಲ್ಲಿ ಅವಳಿಗಿಂತ ಹಳೆಯದು ಅರಳಿಮರ ಒಂದೇ. ಆ ಮರ ಗಿಡವಾಗಿದ್ದಾಗ ತಾನೇ ನೀರು ಹಾಕಿದ್ದೆ ಎಂದು ಅವಳು ಹೇಳುತ್ತಿದ್ದಳು, ಮರ ಅಲ್ಲವೆನ್ನುತ್ತಿರಲಿಲ್ಲ. ಜಾತ್ರೆಯ ಕ್ರಮದಲ್ಲಿ ಅವಳ ಮಾತಿಗೆ ಎದುರಿಲ್ಲ. ಅವಳು ಕೋಲೂರಿಕೊಂಡು ಬಂದು ಹೆಲ್ಗಾಳ ಮುಂದೆ ನಿಂತಳು. ಡೊಳ್ಳಿನವರೂ ಬೀದಿ ಬಾಯಿಗೆ ಬಂದು, ಏನೋ ನಡೆದಿದೆ ಎಂದು ಕೈ ನಿಲ್ಲಿಸಿದರು. ಬಜಾರಿನಲ್ಲಿ ಅಷ್ಟು ನಿಶ್ಶಬ್ದ ಹಿಂದೆ ಯಾವತ್ತೂ ಆಗಿರಲಿಲ್ಲ. ಅಡಿಕೆ ಮಂಡಿಯ ತಕ್ಕಡಿ ತೂಗಾಡುವುದು ಕೇಳಿಸಿತಂತೆ.

“ಮಗಳೋ ನೆಂಟಳೋ ನೋಡೇ ಬಿಡಾಣ,” ಎಂದಳು ಹಾಲಮ್ಮ. “ಕೊಟ್ರಬಸಪ್ಪಾ, ತವರಿಗೆ ಬಂದ ಮಗಳಿಗೆ ಏನಾದ್ರೂ ಕೊಡಪ್ಪ. ನಿನ್ನ ಅಂಗಡಿ ಮಾಲೇ ಕೊಡು. ಎಲ್ಲರ ಮುಂದೆ ಕೊಡು.”

ಇದೆಂಥ ಪರೀಕ್ಷೆ ಎಂದು ಬೀದಿಯ ಹೆಂಗಸರಿಗೆ ಹೇಳಬೇಕಾಗಿರಲಿಲ್ಲ. ನೆಂಟರು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಹೊರಡುತ್ತಾರೆ. ಮಗಳು ಕೊಟ್ಟದ್ದರಲ್ಲಿ ಕುಂದು ಹುಡುಕುತ್ತಾಳೆ. ಅಂಚು ಸಣ್ಣದು ಎನ್ನುತ್ತಾಳೆ, ಅಕ್ಕನಿಗೆ ಕೊಟ್ಟದ್ದು ಇದಕ್ಕಿಂತ ದಪ್ಪ ಎನ್ನುತ್ತಾಳೆ, ಒಳಗೆ ಹೋಗಿ ತನಗೆ ಬೇಕಾದದ್ದನ್ನು ತಾನೇ ಎತ್ತಿಕೊಳ್ಳುತ್ತಾಳೆ. ಚಂದ್ರಶೇಖರಪ್ಪನ ಹಿರಿಮಗಳು ದಾವಣಗೆರೆಯಿಂದ ಬಂದ ದಿನವೇ ಅಂಗಡಿಯ ಅರ್ಧ ಮಾಲು ಕಟ್ಟಿಟ್ಟುಕೊಂಡಿದ್ದಳು. ಅವನು ಗೊಣಗಿದ್ದು ಬೀದಿಗೆಲ್ಲ ಕೇಳಿಸಿತ್ತು.

ಕೊಟ್ರಬಸಪ್ಪನಿಗೂ ಇದು ಗೊತ್ತಿತ್ತು. ಬೆಳ್ಳಗಿನ ಈ ಹೆಂಗಸಿಗೆ ಮಾತ್ರ ಗೊತ್ತಿರಲು ಸಾಧ್ಯವಿರಲಿಲ್ಲ. ಒಂದು ಗಳಿಗೆ ಬಾಯಿ ತೆರೆದು ಹೇಳಿಬಿಡಲೇ ಎನ್ನಿಸಿತು. ಹಾಲಮ್ಮನ ಕೋಲು ಅವನ ಕಡೆಗೇ ತಿರುಗಿತ್ತು. ಅವನು ಹಿಂದೆ ತಿರುಗಿ ಕಪಾಟಿನಿಂದ ಒಂದು ಕೊಡ ಇಳಿಸಿದ. ಅವನ ತಲೆ ತಟ್ಟೆಯ ಮೇಲಿತ್ತು, ಎದುರು ಅಂಗಡಿಯ ಮೇಲಿತ್ತು, ಮಾರಮ್ಮನ ಮೇಲಿತ್ತು. ಆದರೆ ಕೈ ಮಾತ್ರ ಮೂವತ್ತು ವರ್ಷ ಅಂಗಡಿ ಮಾಡಿದ ಕೈ. ಬಿಟ್ಟಿ ಕೊಡಬೇಕೆಂದಾಗ ಅದು ತನ್ನಷ್ಟಕ್ಕೆ ತಾನು ನೆಗ್ಗಿದ ಕೊಡದ ಕಡೆಗೇ ಹೋಯಿತು.

ಅದನ್ನು ಹೊರಗೆ ತಂದು ನೀಡುವವರೆಗೂ ಅವನಿಗೆ ಅದರ ಅರಿವಾಗಲಿಲ್ಲ.

ಹೆಲ್ಗಾ ಎರಡೂ ಕೈಯಿಂದ ಕೊಡ ತೆಗೆದುಕೊಂಡಳು. ತಲೆ ಬಗ್ಗಿಸಿದಳು. “ತುಂಬಾ ಉಪಕಾರ,” ಎಂದಳು.

ಬೀದಿ ಉಸ್ಸೆಂದು ಉಸಿರು ಬಿಟ್ಟಿತು. ಚಂದ್ರಶೇಖರಪ್ಪ ಮಗಳ ಕಡೆ ತಿರುಗಿ, ‘ಬಾ’ ಎಂದು ಕೈ ಮಾಡಿದ. ಸುಭದ್ರಮ್ಮ ಕಣ್ಣು ಮುಚ್ಚಿಕೊಂಡಳು. ಕೊಟ್ರಬಸಪ್ಪನಿಗೆ ಅಪ್ಪ, ಅಜ್ಜ, ಮುತ್ತಜ್ಜ ಮೂವರೂ ಕಪಾಟಿನ ಮೇಲೆ ಸಾಲಾಗಿ ಕೂತು ತಲೆಯ ಮೇಲೆ ಕೈ ಹೊತ್ತಂತೆ ಕಂಡರು.

ಆಗ ಹೆಲ್ಗಾಳ ಗೆಣ್ಣು ಕೊಡಕ್ಕೆ ತಾಗಿತು. ಅಮ್ಮ ಕಲಿಸಿದ ಚಾಳಿ. ಕೈಗೆ ಪಾತ್ರೆ ಬಂದರೆ ಬೆರಳು ಸುಮ್ಮನಿರುತ್ತಿರಲಿಲ್ಲ.

ದೊಬ್ಬ್.

ಅವಳ ಹುಬ್ಬು ಗಂಟಾಯಿತು. ಕೊಡವನ್ನು ತಿರುಗಿಸಿದಳು. ನೆಗ್ಗು. ಅದರ ಪಕ್ಕದ ಸೀಳು. ಗುರುತು ಸಿಕ್ಕಿತು. ಮುಖ ತುದಿಯಿಂದ ತುದಿಗೆ ಕೆಂಪಾಯಿತು.

“ಇದಾ?” ಎಂದಳು. “ಇದು ಆವಾಗ್ಲೇ ವೇಂಡಾ ಅಂದೆ! ಮತ್ತೆ ಇದೇ ಕೊಡ್ತೀಯಾ? ಮಗಳು ಅಂತ ಹೇಳ್ತೀಯಾ, ಸೀರೆ ಉಡಿಸ್ತೀಯಾ, ತೂತಿನ ಕೊಡ ಕೊಡ್ತೀಯಾ?”

ಹೆಲ್ಗಾ ಎರಡು ಸೀರೆಯನ್ನೂ ಒಂದೇ ಕೈಯಲ್ಲಿ ಎತ್ತಿ ಹಿಡಿದು, ಗಿರಾಕಿಗಳು ದಾಟಬಾರದ ಗಲ್ಲಾಪೆಟ್ಟಿಗೆಯನ್ನು ದಾಟಿ ಅಂಗಡಿಯ ಒಳಗೆ ಹೋದಳು. ನೆಗ್ಗಿದ ಕೊಡವನ್ನು ಅದರ ಜಾಗದಲ್ಲಿ ಕುಕ್ಕಿದಳು. ಏಣಿಯಿಲ್ಲದೆಯೇ ಮೇಲಿನ ಕಪಾಟಿಗೆ ಕೈ ಹಾಕಿ ಒಂದೊಂದಾಗಿ ಕುಟ್ಟಿ ನೋಡಿದಳು. ಮೂಲೆಯಲ್ಲಿ ಕಾಗದ ಸುತ್ತಿಟ್ಟಿದ್ದ ಹೊಸ ಕೊಡವೊಂದು ದೇವಸ್ಥಾನದ ಗಂಟೆಯ ಹಾಗೆ ಠಣಾರೆಂದಿತು. ಅದನ್ನು ಕಂಕುಳಲ್ಲಿಟ್ಟುಕೊಂಡು, “ಇದು ನನಗೆ,” ಎಂದು ಹೊರಗೆ ಬಂದಳು.

ಕೊಟ್ರಬಸಪ್ಪನಿಗೆ ಆ ಹೊತ್ತಿನಲ್ಲಿ ತಟ್ಟೆಯೂ ಮರೆತುಹೋಯಿತು, ಮಾರಮ್ಮನೂ ಮರೆತುಹೋದಳು.

“ಏಯ್, ಅದು ಮದುವೆ ಆರ್ಡರಿನದು! ಅದನ್ನ ಮುಟ್ಟಬ್ಯಾಡ! ಬ್ಯಾರೆಯೋರಿಗೆ ಇಟ್ಟಿದ್ದು ಅದು! ಈ ಹೆಣ್ಮಕ್ಕಳಿಗೆ ಎಷ್ಟು ಕೊಟ್ರೂ ಸಾಲದಲ್ಲಪ್ಪಾ!”

ಎಂದವನು ಬಾಯಿ ಮುಚ್ಚಿಕೊಂಡ. ಅಷ್ಟು ಹೊತ್ತಿಗೆ ತಡವಾಗಿತ್ತು. ಹಾಲಮ್ಮ ಇರುವ ಎರಡು ಹಲ್ಲನ್ನೂ ಬಿಟ್ಟು ನಗುತ್ತಿದ್ದಳು.

“ಮಗಳು ಮಗಳ ಹಾಗೇ ಮಾಡಿದ್ಲು,” ಎಂದಳು. “ಅಪ್ಪನೂ ಅಪ್ಪನ ಹಾಗೇ ಬೈದ. ಇನ್ನೇನು ನೋಡಾದು? ಬಡೀರೋ ಡೊಳ್ಳು!”

ಡೊಳ್ಳಿನವರು ಬಡಿದ ಏಟಿಗೆ ಅಂಗಡಿಯ ಪಾತ್ರೆಗಳೆಲ್ಲ ಒಟ್ಟಿಗೆ ಮೊಳಗಿದವು. ನೆಗ್ಗಿದ್ದೂ ಸೇರಿ.

ಹೆಲ್ಗಾ ತಟ್ಟೆ ಹೊತ್ತು ನಡೆದಳು. ಅವಳ ತಲೆಯ ಮೇಲೆ ತಟ್ಟೆ ಎಷ್ಟು ಎತ್ತರದಲ್ಲಿತ್ತೆಂದರೆ, ಬಜಾರಿನ ಆ ತುದಿಯಲ್ಲಿ ಕೂತ ಮಾರಮ್ಮನಿಗೆ ಉಳಿದ ಬೀದಿಗಳ ತಟ್ಟೆ ಕಾಣುವ ಮೊದಲೇ ಇದು ಕಂಡಿತು ಎಂದು ಬೀದಿಯವರು ಇಂದಿಗೂ ಹೇಳುತ್ತಾರೆ. ಕೊಟ್ರಬಸಪ್ಪ ಹಿಂದೆ ಹಿಂದೆ ನಡೆದ. ಯಾರಾದರೂ “ಯಾರ್ರೀ ಅದು?” ಎಂದರೆ ಸಾಕು, “ಮಗಳು” ಎನ್ನುತ್ತಿದ್ದ. ಯಾರೂ ಕೇಳದಿದ್ದರೂ ಒಂದೆರಡು ಸಲ ಎಂದ.

ಚಪ್ಪರದಲ್ಲಿ ಹೆಲ್ಗಾ ದೇವಿಯ ಮಡಿಲಿಗೆ ಅಕ್ಕಿ ಹಾಕಿದಳು. ಮೊದಲು ಸುಭದ್ರಮ್ಮ ತೋರಿಸಿದ ಹಾಗೆ, ಆಮೇಲೆ ತಾನೇ. ದೇವಿಯ ಕೆಂಪು ಮುಖ, ದೊಡ್ಡ ಕಣ್ಣು, ಕೈತುಂಬ ಬಳೆ. ಹೆಲ್ಗಾಳ ಕೈಯೂ ಬಳೆ ತುಂಬಿ ಕೆಂಪಾಗಿತ್ತು. ಅವಳು ದೇವಿಯ ಹತ್ತಿರ ಬಗ್ಗಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಏನು ಹೇಳಿದಳೆಂದು ಕೊಟ್ರಬಸಪ್ಪ ಕೇಳಲಿಲ್ಲ. ಇಬ್ಬರೂ ಹೆಣ್ಣುಮಕ್ಕಳು ತವರಿಗೆ ಬಂದಿದ್ದರು. ನಡುವೆ ಗಂಡಸರಿಗೆ ಏನು ಕೆಲಸ?

ಹೊರಗೆ ಬಂದ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ನಿನ್ನ ಊರಲ್ಲಿ ಮೆಣಸಿನಕಾಯಿ ತುಂಬಾ ಖಾರ. ಗಾಳಿಯಲ್ಲೂ ಖಾರ,” ಎಂದಳು.

“ಹೌದಮ್ಮಾ, ಜಾತ್ರೇಲಿ ಎಲ್ಲರ ಕಣ್ಣಿಗೂ ಹಂಗೇ ಆಗ್ತದೆ,” ಎಂದ ಕೊಟ್ರಬಸಪ್ಪ. ಅವನ ಕಣ್ಣಿಗೂ ಬಿದ್ದಿತ್ತು.

ಸಂಜೆ ಕಾರ್ಲ್ ಹೆಂಡತಿಯನ್ನು ಹುಡುಕಿಕೊಂಡು ಬಂದ. ಇಡೀ ಶಿವಮೊಗ್ಗದಲ್ಲಿ ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಯಾರನ್ನು ಕೇಳಿದರೂ ಪಾತ್ರೆ ಅಂಗಡಿ ತೋರಿಸಿದರು. ಬಾಗಿಲಲ್ಲಿ ಕಾಲಿಟ್ಟವನನ್ನು ಕೊಟ್ರಬಸಪ್ಪನ ಗಂಡುಮಕ್ಕಳು ಮಣೆಯ ಮೇಲೆ ಕೂರಿಸಿದರು. ಬೂಟು ಬಿಚ್ಚಿದರು. ಅಳಿಯನ ಕಾಲು ತೊಳೆಯದೆ ಒಳಗೆ ಬಿಡುವ ಮನೆತನ ಅದಲ್ಲ. ಅಳಿಯನೇ ಇಲ್ಲದ್ದರಿಂದ ಇಷ್ಟು ದಿನ ತೊಳೆದಿರಲಿಲ್ಲ, ಅಷ್ಟೆ. ಮೂರು ತಲೆಮಾರಿನ ಬಾಕಿಯೆಲ್ಲ ಅವನೊಬ್ಬನ ಕಾಲಿಗೆ ಬಿತ್ತು. ಭದ್ರಾವತಿಯ ಕುಲುಮೆಯ ಮುಂದೆ ನಿಂತು ಹೆದರದವನು ಒಂದು ಹಂಡೆ ಬಿಸಿನೀರಿನ ಮುಂದೆ ಹೆದರಿದ.

ಎಲೆ ಹಾಕಿ, ಹೋಳಿಗೆ ಬಡಿಸಿ, ತುಪ್ಪ ಸುರಿದ ಮೇಲೆ ಕೊಟ್ರಬಸಪ್ಪ ಎದುರಿಗೆ ಕೂತ. ಜೀವಮಾನವಿಡೀ ಬೇರೆ ಮಾವಂದಿರು ಮಾಡುವುದನ್ನು ನೋಡಿದ್ದ, ಇವತ್ತು ಅವನಿಗೆ ಸರದಿ.

“ಅಳಿಯಂದ್ರೇ, ಮುಂದಿನ ವರ್ಷ, ಮುಂದಿನ ವರ್ಷ ಅಂತ ದಿನಾ ಹೇಳ್ತೀರಂತೆ?”

ಹೆಲ್ಗಾ ಅದನ್ನು ಗಂಡನಿಗೆ ತಿಳಿಸಿದಳು. ಕೊಂಚ ಹೆಚ್ಚೇ ಸೇರಿಸಿ ತಿಳಿಸಿದಳೆಂದು ಅವನ ಮುಖ ಹೇಳುತ್ತಿತ್ತು. ಅವನು ಕುಲುಮೆ ಎಂದ, ಕೆಲಸ ಎಂದ.

“ಕುಲುಮೆ ಎಲ್ಲಿಗೆ ಓಡಿಹೋಗ್ತದೆ? ನಮ್ಮ ಹುಡುಗಿ ಅಮ್ಮನ್ನ ನೋಡಿ ಮೂರು ವರ್ಷ ಆಗೈತೆ. ಈ ಬ್ಯಾಸಿಗೇಲಿ ಕಳಿಸ್ಬೇಕು. ಮುಂದಿನ ಜಾತ್ರೆಗೆ ವಾಪಸ್ ಕರ್ಕೊಂಡು ಬರ್ಬೇಕು. ತಟ್ಟೆ ಹೊರೋಳು ಅವಳು. ಇಲ್ಲಾಂದ್ರೆ ನಾನು, ಅವಳ ಅಣ್ಣತಮ್ಮಂದಿರು ಎಲ್ಲಾ ಸೇರಿ ಭದ್ರಾವತಿಗೆ ಬರ್ತೀವಿ. ಬಂದ್ರೆ ಒಂದು ತಿಂಗಳು ಇರ್ತೀವಿ.”

ಕಾರ್ಲ್ ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಭಾವಮೈದುನರನ್ನು ನೋಡಿದ. ಒಬ್ಬೊಬ್ಬರೂ ಒಂದೊಂದು ಹಂಡೆಯ ಹಾಗಿದ್ದರು. ಹೋಳಿಗೆ ನುಂಗಿ, ಬೇಸಿಗೆಯ ಹಡಗಿಗೇ ಟಿಕೇಟು ತೆಗೆಸುತ್ತೇನೆ ಎಂದು ಒಪ್ಪಿಕೊಂಡ.

ಅಷ್ಟರಲ್ಲಿ ಚಂದ್ರಶೇಖರಪ್ಪ ಒಳಗೆ ಬಂದು, ಒಂದು ಪೊಟ್ಟಣ ಹೆಲ್ಗಾಳ ಮುಂದೆ ಇಟ್ಟ. “ಎದುರು ಮನೆಯೋನು ಅಂದ್ರೆ ಚಿಕ್ಕಪ್ಪ ಆಗ್ಬೇಕು. ಸೀರೆ. ಒಂಬತ್ತು ಗಜದ್ದು ಎರಡು ಜೋಡಿಸಿ ಹೊಲಿಸಿದೀನಿ,” ಎಂದು ಗುಡುಗಿದ. ಹೆಲ್ಗಾ ಬಿಚ್ಚಿ ನೋಡಿ, “ಈ ಬಣ್ಣ ವೇಂಡಾ,” ಎಂದಳು. ಅವನು ಕೊಟ್ರಬಸಪ್ಪನ ಕಡೆ ತಿರುಗಿ, “ಹೂಂ ಕಣಯ್ಯ, ಮಗಳೇ,” ಎಂದು ಒಪ್ಪಿ, ಬಣ್ಣ ಬದಲಾಯಿಸಲು ಹೋದ.

ಹಡಗು ಹೋಯಿತು, ಹಡಗು ಬಂತು. ಮುಂದಿನ ಜಾತ್ರೆಗೆ ಇನ್ನೂ ವಾರವಿದ್ದಾಗಲೇ ಹೆಲ್ಗಾ ಭದ್ರಾವತಿಯಿಂದ ರೈಲಿನಲ್ಲಿ ಬಂದಿಳಿದಳು. ಅವಳ ಅಮ್ಮ ಬೀಗರಿಗೆಂದು ಒಂದು ಮಣ್ಣಿನ ಹೂಜಿ ಕಳಿಸಿದ್ದಳು. ಕೊಟ್ರಬಸಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಕುಟ್ಟಿ ನೋಡಿದ. ಅಂಥ ಸದ್ದು ಅವನ ಅಂಗಡಿಯಲ್ಲಿ ಯಾವ ಪಾತ್ರೆಗೂ ಇರಲಿಲ್ಲ. ಹಾಗೆಂದು ಹೇಳಲಿಲ್ಲ. “ಪರವಾಗಿಲ್ಲ,” ಎಂದ.

ಅದೇ ಮಧ್ಯಾಹ್ನ ಆಯನೂರಿನ ಬಸ್ಸಿನಿಂದ ಬಸವರಾಜೇಶ್ವರಿ ಇಳಿದಳು. ಕಂಕುಳಲ್ಲಿ ಮಗಳು, ಮೂಗಿನ ತುದಿಯಲ್ಲಿ ಕೋಪ. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ದನಿ ಏರಿತು.

“ಹಿರೇಮಗಳು ನಾನು! ಒಂದು ಸಲ ಬಾಣಂತಿ ಆಗಿದ್ದಕ್ಕೆ ತಟ್ಟೆ ನಿಂದಾಗ್ಬಿಡ್ತಾ?”

“ಚಿಕ್ಕಮ್ಮ ಹೇಳಿದ್ಲು, ತಟ್ಟೆ ನನ್ನದು!”

“ಚಿಕ್ಕಮ್ಮ ನನಗೆ! ನಿನಗೆ ಅವಳು ಅಮ್ಮ, ಅಷ್ಟೂ ಗೊತ್ತಿಲ್ಲ! ಆ ಕೊಡ ಇಲ್ಲಿ ಕೊಡು. ಅದನ್ನ ನನಗೆ ಅಂತ ಇಟ್ಟಿದ್ರು.”

“ಕೊಡಲ್ಲ! ವೇಂಡಾ!”

“ಏನ್ರೀ ಅದು ಗಲಾಟೆ?” ಎಂದು ಎದುರು ಅಂಗಡಿಯಿಂದ ಚಂದ್ರಶೇಖರಪ್ಪ ಕೂಗಿದ.

“ಏನಿಲ್ಲ ಬಿಡಯ್ಯ,” ಎಂದ ಕೊಟ್ರಬಸಪ್ಪ, ಆದಷ್ಟು ಬೇಸರದ ದನಿ ತರಿಸಿಕೊಂಡು. “ಹೆಣ್ಮಕ್ಕಳು ತವರಿಗೆ ಬಂದವೆ. ನಿನಗೇ ಗೊತ್ತಲ್ಲ ಈ ಕಷ್ಟ.”

ಅವನು ಗಲ್ಲಾಪೆಟ್ಟಿಗೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತ ಕೂತ. ಒಳಗೆ ಈಗ ಪುಟ್ಟ ಮಗುವೂ ದನಿ ಸೇರಿಸಿತ್ತು. ಜಗಳ ಎಲ್ಲಿ ನಿಂತುಹೋಗುತ್ತದೋ ಎಂದು ದಿಗಿಲಾಗಿ, ನೆಗ್ಗಿದ ಕೊಡವನ್ನು ಇಳಿಸಿ ಒಳಬಾಗಿಲಿಗೆ ಹೋಗಿ, “ಇದನ್ನ ಒಬ್ರು ತಗೊಳ್ರಮ್ಮಾ,” ಎಂದ. ಇಬ್ಬರೂ ಒಟ್ಟಿಗೆ ತಿರುಗಿ ಒಟ್ಟಿಗೆ ಬೈದರು.

ಕೊಟ್ರಬಸಪ್ಪ ಬೈಸಿಕೊಂಡು ಹೊರಗೆ ಬಂದ. ವಲ್ಲಿಯಿಂದ ಕೊಡದ ಧೂಳು ಒರೆಸಿದ. ಅದನ್ನು ಕಪಾಟಿನ ಮುಂದಿನ ಸಾಲಿನಲ್ಲಿ, ನೆಗ್ಗು ಬೀದಿಗೆ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿ ಇಟ್ಟ.